ಮಳೆ ಹಿಡಿಯುವ ಮುಂಚೆ ಕೋಡಿಗೊಂದು ಸ್ನ್ಯಾಪ್‌ಶಾಟ್: ಒಬ್ಬರೇ ನಡೆಸುವ ಪುಟ್ಟ ಪ್ರಾಜೆಕ್ಟುಗಳಿಗೆ ಬ್ಯಾಕಪ್ ಮಾರ್ಗದರ್ಶಿ

"ಗಿಟ್ ಬಳಸುತ್ತಿದ್ದೇನೆ, ಮತ್ತೆ ಬ್ಯಾಕಪ್ ಯಾಕೆ?" "ಪ್ರಾಜೆಕ್ಟ್ ಫೋಲ್ಡರನ್ನು ಗೂಗಲ್ ಡ್ರೈವ್‌ಗೆ ಹಾಕಿಟ್ಟರೆ ಸಾಲದೆ?" "ಎಷ್ಟು ಜಿಬಿಯ ಡಿಸ್ಕ್ ತಗೊಳ್ಳಲಿ?" ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಓದುಗರು ಪದೇ ಪದೇ ಕೇಳುವುದು ಈ ಮೂರು ಪ್ರಶ್ನೆ. (ಗಿಟ್ ಎಂದರೆ ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಉಪಕರಣ.) ಕೇಳುವವರ ಹಿಂದೆ ದೊಡ್ಡ ತಂಡವಿಲ್ಲ, ಸರ್ವರ್ ನೋಡಿಕೊಳ್ಳಲು ಬೇರೆ ಜನರಿಲ್ಲ. ತೋಟದ ಮಳೆ ಲೆಕ್ಕ ಬರೆದಿಡುವ ಆ್ಯಪ್, ಹೋಂಸ್ಟೇ ಬುಕಿಂಗಿನ ವೆಬ್‌ಸೈಟ್, ಕಾಫಿ ಕುಯ್ಲಿನ ಕೂಲಿ ಲೆಕ್ಕ ಹಾಕುವ ಸ್ಕ್ರಿಪ್ಟ್, ಹೀಗೆ ಒಬ್ಬರೇ ಬರೆದು ಒಬ್ಬರೇ ನೋಡಿಕೊಳ್ಳುವ ಕೆಲಸಗಳು ಅವರವು. ಇಂಥ ಪ್ರಾಜೆಕ್ಟಿಗೆ ದುಬಾರಿ ಸಾಫ್ಟ್‌ವೇರ್ ಬೇಡ. ದಿನಾಂಕ ಹಾಕಿದ, ಆಮೇಲೆ ಯಾರೂ ಮುಟ್ಟದ, ಬೇರೆ ಜಾಗದಲ್ಲಿ ಬಿಚ್ಚಿ ಓಡಿಸಿ ನೋಡಿದ ಪೂರ್ತಿ ನಕಲುಗಳು ಒಂದಷ್ಟು ಇದ್ದರೆ ಸಾಕು. ಸ್ನ್ಯಾಪ್‌ಶಾಟ್ ಅಂದರೆ ಇದೇ.

ಕೊಡಗಿನಲ್ಲಿ ಈ ಕೆಲಸ ಮುಂದೂಡುವಂಥದ್ದಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ವಿದ್ಯುತ್ ತಂತಿ ಹಿಡಿದು ಮನೆಯೊಳಗೆ ಬರುತ್ತದೆ. ಜೂನ್ ನಂತರ ಲೈನ್ ಮೇಲೆ ಮರ ಬಿದ್ದರೆ ಒಳಗಿನ ಊರುಗಳಿಗೆ ದಿನಗಟ್ಟಲೆ ಕರೆಂಟಿರುವುದಿಲ್ಲ. ಜುಲೈ, ಆಗಸ್ಟಿನ ಕಕ್ಕಡ ತಿಂಗಳ ತೇವಕ್ಕೆ ಬಟ್ಟೆ, ಪುಸ್ತಕಕ್ಕೆ ಬೂಷ್ಟು ಹಿಡಿಯುವಂತೆ ಎಲೆಕ್ಟ್ರಾನಿಕ್ಸಿನ ಲೋಹದ ಕಾಲುಗಳಿಗೂ ತುಕ್ಕು ಹಿಡಿಯುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಹೊರಟರು. ಲ್ಯಾಪ್‌ಟಾಪೂ ಅದರ ಬ್ಯಾಕಪ್ ಡಿಸ್ಕೂ ಒಂದೇ ಮೇಜಿನ ಮೇಲಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಮೊದಲು ಗೊಂದಲ ಬಿಡಿಸಿಕೊಳ್ಳೋಣ

ಸಿಂಕ್ ಬೇರೆ, ಸ್ನ್ಯಾಪ್‌ಶಾಟ್ ಬೇರೆ. ಡ್ರೈವ್, ಡ್ರಾಪ್‌ಬಾಕ್ಸ್, ಒನ್‌ಡ್ರೈವ್‌ಗಳಲ್ಲಿ ನಡೆಯುವುದು ಸಿಂಕ್. ನಿಮ್ಮ ಫೋಲ್ಡರಿನಲ್ಲಿ ಏನಾದರೂ ಅದೇ ಅಲ್ಲಿಯೂ ಆಗುತ್ತದೆ. ನೀವು ತಪ್ಪಿ ಅಳಿಸಿದ ಫೈಲ್ ಅಲ್ಲಿಯೂ ಅಳಿಯುತ್ತದೆ, ಕೆಟ್ಟ ಫೈಲ್ ಒಳ್ಳೆಯದರ ಮೇಲೆ ಕೂರುತ್ತದೆ. ಈ ಸೇವೆಗಳು ಹಳೆಯ ಆವೃತ್ತಿಗಳನ್ನು ಸ್ವಲ್ಪ ಕಾಲ ಇಟ್ಟುಕೊಳ್ಳುವುದುಂಟು, ಆದರೆ ಅವಧಿ ಮುಗಿದ ಮೇಲೆ ಅವೂ ಇರುವುದಿಲ್ಲ. ಇನ್ನೊಂದು ಅಪಾಯ: ಗಿಟ್ ತನ್ನ ಇತಿಹಾಸವನ್ನು ಇಡುವ ಅಡಗು ಫೋಲ್ಡರ್ ಸಿಂಕ್ ಜಾಗದೊಳಗಿದ್ದು, ಎರಡು ಕಂಪ್ಯೂಟರುಗಳಲ್ಲಿ ಕೆಲಸ ಮಾಡಿದರೆ, ಅದರೊಳಗಿನ ಪುಟ್ಟ ಫೈಲುಗಳು ಒಂದಕ್ಕೊಂದು ಹೊಂದದೆ ರೆಪಾಸಿಟರಿಯೇ, ಅಂದರೆ ಆ ಇತಿಹಾಸದ ಸಂಗ್ರಹವೇ, ಕೆಡಬಹುದು. ಕೆಲಸದ ಫೋಲ್ಡರ್ ಸಿಂಕ್ ಜಾಗದ ಹೊರಗಿರಲಿ. ಅಲ್ಲಿಗೆ ಕಟ್ಟಿ ಮುಗಿಸಿದ ಸ್ನ್ಯಾಪ್‌ಶಾಟ್ ಮಾತ್ರ ಹೋಗಲಿ.

ಇನ್ನು ಗಿಟ್. ಕಮಿಟ್ ಮಾಡಿದ್ದನ್ನು, ಅಂದರೆ ಇತಿಹಾಸಕ್ಕೆ ದಾಖಲಿಸಿದ್ದನ್ನು, ಅದು ಚೆನ್ನಾಗಿ ಕಾಯುತ್ತದೆ. ಆದರೆ ಗಿಟ್‌ಇಗ್ನೋರ್ ಫೈಲಿನಲ್ಲಿ ಹೆಸರಿಸಿ ಹೊರಗಿಟ್ಟದ್ದನ್ನು ಅದು ನೋಡುವುದೇ ಇಲ್ಲ. ಡೇಟಾಬೇಸ್, ಅಪ್‌ಲೋಡ್ ಆದ ಚಿತ್ರಗಳು, ಪಾಸ್‌ವರ್ಡುಗಳಿರುವ ಎನ್ವ್ ಫೈಲ್ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಮಳೆ ಲೆಕ್ಕದ ಆ್ಯಪಿನ ಕೋಡು ಕಳೆದರೆ ಒಂದು ವಾರ ಕೂತು ಮತ್ತೆ ಬರೆಯಬಹುದು. ಹತ್ತು ವರ್ಷದ ಇಂಚು, ಸೆಂಟುಗಳ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ದಾಖಲೆ ಕಳೆದರೆ ಎಲ್ಲಿಂದ ತರುತ್ತೀರಿ? ಕೋಡಿಗಿಂತ ಡೇಟಾ ಮುಖ್ಯ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ. ತೋಟದ ಮಳೆ ಪುಸ್ತಕದಲ್ಲಿ ನಿನ್ನೆಯ ಸಾಲನ್ನು ಅಳಿಸಿ ಇವತ್ತಿನದನ್ನು ಬರೆಯುವುದಿಲ್ಲ, ಅದರ ಕೆಳಗೆ ಹೊಸ ಸಾಲು ಸೇರಿಸುತ್ತಾರೆ. ಸ್ನ್ಯಾಪ್‌ಶಾಟುಗಳೂ ಹಾಗೆಯೇ ಸಾಲಾಗಿ ಕೂಡುತ್ತ ಹೋಗಬೇಕು.

ಏನೇನು ಬೇಕು

ಒಂದು ಬಾಹ್ಯ ಡಿಸ್ಕ್, ಒಂದು ಪೆನ್ ಡ್ರೈವ್, ಇಂಟರ್ನೆಟ್ಟಿನಲ್ಲಿ ಸ್ವಲ್ಪ ಜಾಗ. ಇಂಥ ಪ್ರಾಜೆಕ್ಟುಗಳ ಒಂದು ಸ್ನ್ಯಾಪ್‌ಶಾಟ್ ಹೆಚ್ಚಾಗಿ ಕೆಲವು ಎಂಬಿಯಿಂದ ನೂರಿನ್ನೂರು ಎಂಬಿಯೊಳಗೆ ಮುಗಿಯುತ್ತದೆ. 20 ಎಂಬಿಯದಾದರೆ, ಹಂತ 9ರಲ್ಲಿ ಉಳಿಸಿಕೊಳ್ಳಲು ಹೇಳಿರುವ ಇಪ್ಪತ್ತಮೂರು ಪ್ರತಿಗಳಿಗೆ 460 ಎಂಬಿ. ಹಾಗಾಗಿ 64 ಜಿಬಿಯ ಪೆನ್ ಡ್ರೈವೂ ಧಾರಾಳ. ಡಿಸ್ಕ್ ದೊಡ್ಡದಾಗಬೇಕಿಲ್ಲ, ಎರಡಾಗಬೇಕು. ದುಡ್ಡನ್ನು ಗಾತ್ರಕ್ಕೆ ಹಾಕುವ ಬದಲು ಎಣಿಕೆಗೆ ಹಾಕಿ.

ಸಾಫ್ಟ್‌ವೇರ್ ಏನೂ ಕೊಳ್ಳಬೇಕಿಲ್ಲ. ಹಲವು ಫೈಲುಗಳನ್ನು ಒಂದೇ ಫೈಲಾಗಿ ಕಟ್ಟುವ ಟಾರ್ ಎಂಬ ಉಪಕರಣ ಲಿನಕ್ಸ್, ಮ್ಯಾಕ್ ಎರಡರಲ್ಲೂ ಇದೆ. ವಿಂಡೋಸ್ 10ಕ್ಕೂ 2018ರಿಂದ ಅದು ಬಂದಿದೆ. ಈ ಲೇಖನದಲ್ಲಿ ಆಜ್ಞೆಗಳನ್ನು ಬಾಯಲ್ಲಿ ಹೇಳುವಂತೆ ಬರೆದಿದೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹಾಕಿ. ದೊಡ್ಡಕ್ಷರ ಬೇಕಾದ ಕಡೆ ಅದನ್ನು ಹೇಳಿದ್ದೇನೆ.

ಹಂತ 1: ಏನು ಸೇರಬೇಕು, ಏನು ಬೇಡ

ಪ್ರಾಜೆಕ್ಟ್ ಫೋಲ್ಡರ್ ತೆರೆದು ಅದರಲ್ಲಿರುವುದನ್ನು ಮೂರು ಗುಂಪು ಮಾಡಿ.

ನೀವು ಕೈಯಾರೆ ಬರೆದದ್ದು, ಬಳಕೆದಾರರು ತುಂಬಿದ್ದು ಮೊದಲ ಗುಂಪು. ಕೋಡು, ಗಿಟ್ಟಿನ ಅಡಗು ಫೋಲ್ಡರ್, ಡೇಟಾಬೇಸ್, ಅಪ್‌ಲೋಡುಗಳು, ಸೆಟ್ಟಿಂಗ್ ಫೈಲುಗಳು ಇದರಲ್ಲಿ ಬರುತ್ತವೆ. ಇವು ಸೇರಲೇಬೇಕು. ಕೋಡಿನ ಜೊತೆ ಗಿಟ್ಟಿನ ಫೋಲ್ಡರೂ ಸೇರಿದರೆ ಇನ್ನೂ ಕಮಿಟ್ ಮಾಡದ ಬದಲಾವಣೆಯೂ ಹಳೆಯ ಇತಿಹಾಸವೂ ಒಟ್ಟಿಗೆ ಉಳಿಯುತ್ತವೆ.

ಎರಡನೆಯದು ಮತ್ತೆ ಇಳಿಸಿಕೊಳ್ಳಬಹುದಾದದ್ದು ಅಥವಾ ಮತ್ತೆ ತಯಾರಿಸಬಹುದಾದದ್ದು. ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿನ ನೋಡ್ ಮಾಡ್ಯೂಲ್ಸ್, ಪೈಥಾನಿನ ವರ್ಚುವಲ್ ಎನ್ವಿರಾನ್‌ಮೆಂಟ್, ರಸ್ಟಿನ ಟಾರ್ಗೆಟ್, ಎಲ್ಲೆಡೆ ಕಾಣುವ ಬಿಲ್ಡ್, ಕ್ಯಾಶ್ ಫೋಲ್ಡರುಗಳು ಈ ಗುಂಪಿನವು. ನೋಡ್ ಮಾಡ್ಯೂಲ್ಸ್ ಒಂದರಲ್ಲೇ ಹತ್ತಾರು ಸಾವಿರ ಪುಟ್ಟ ಫೈಲುಗಳಿರಬಹುದು. ಪೆನ್ ಡ್ರೈವಿಗೆ ನಕಲಿಸುವಾಗ ಗಂಟೆಗಟ್ಟಲೆ ತೆಗೆದುಕೊಳ್ಳುವುದು ಇದೇ. ಇವನ್ನು ಬಿಡಿ. ಆದರೆ ಲಾಕ್ ಫೈಲನ್ನು, ಅಂದರೆ ಯಾವ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಯಾವ ಆವೃತ್ತಿ ಬಳಸಿದ್ದೀರಿ ಎಂದು ಬರೆದಿಡುವ ಪಟ್ಟಿಯನ್ನು, ಬಿಡಬೇಡಿ. ಅದಿಲ್ಲದೆ ವರ್ಷದ ನಂತರ ಇಳಿಸಿದರೆ ಬೇರೆ ಆವೃತ್ತಿಗಳು ಬಂದು ಕೋಡು ಓಡದೆ ಹೋಗಬಹುದು.

ಮೂರನೆಯದು ಗುಟ್ಟಿನ ಫೈಲುಗಳು: ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಆ್ಯಪಿನಿಂದ ಬಳಸಲು ಬೇಕಾದ ಗುಟ್ಟಿನ ಗುರುತು), ಪಾವತಿ ಸೇವೆಯ ಗುರುತು. ಇವೂ ಬೇಕು. ಆದರೆ ಇವು ಸೇರಿದ ಸ್ನ್ಯಾಪ್‌ಶಾಟ್ ಬೀಗ ಹಾಕದೆ ಮನೆಯಿಂದ ಹೊರಗೆ ಹೋಗಬಾರದು. ಆ ಬೀಗದ ವಿಷಯ ಹಂತ 5ರಲ್ಲಿದೆ.

ಕೊಡಗಿನವರಿಗೆ ಒಂದು ವಿನಾಯಿತಿ ಹೇಳಲೇಬೇಕು. ಎರಡನೆಯ ಗುಂಪನ್ನು ಬಿಡುವುದು ಇಂಟರ್ನೆಟ್ ಇದೆ ಎಂಬ ನಂಬಿಕೆಯ ಮೇಲೆ. ಜುಲೈನಲ್ಲಿ ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕ್ ಹೋದಾಗ ಲೈಬ್ರರಿಗಳನ್ನು ಇಳಿಸುವಂತಿಲ್ಲ. ಆದ್ದರಿಂದ ಮೇ ಕೊನೆಯಲ್ಲಿ ಒಮ್ಮೆ, ಏನನ್ನೂ ಬಿಡದೆ, ಲೈಬ್ರರಿಗಳೂ ಸೇರಿದ ಒಂದು ಪೂರ್ತಿ ಸ್ನ್ಯಾಪ್‌ಶಾಟ್ ತೆಗೆದಿಡಿ. ಇದು ಅದೇ ಬಗೆಯ ಆಪರೇಟಿಂಗ್ ಸಿಸ್ಟಂ ಮತ್ತು ಪ್ರೊಸೆಸರ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ನೆಚ್ಚಿಕೊಳ್ಳಬಹುದಾದದ್ದು. ವಿಂಡೋಸಿನಲ್ಲಿ ಕಟ್ಟಿದ ಲೈಬ್ರರಿಯ ಕೆಲವು ಭಾಗಗಳು ಲಿನಕ್ಸಿನಲ್ಲಿ ಓಡುವುದಿಲ್ಲ. ಪೈಥಾನಿನ ವರ್ಚುವಲ್ ಎನ್ವಿರಾನ್‌ಮೆಂಟ್ ಜಾಗ ಬದಲಾದರೂ ಕೆಡುತ್ತದೆ, ಏಕೆಂದರೆ ಅದರೊಳಗೆ ಫೋಲ್ಡರಿನ ಪೂರ್ಣ ವಿಳಾಸ ಬರೆದಿರುತ್ತದೆ. ಅದರ ಬದಲು ಪಿಪ್ ಡೌನ್‌ಲೋಡ್ ಆಜ್ಞೆಯಿಂದ ಬೇಕಾದ ಪ್ಯಾಕೇಜುಗಳನ್ನು ಒಂದು ಫೋಲ್ಡರಿಗೆ ಇಳಿಸಿ ಜೊತೆಗಿಡಿ.

ಹಂತ 2: ಹೆಸರು

ಹೆಸರಿನಲ್ಲಿ ಪ್ರಾಜೆಕ್ಟಿನ ಹೆಸರು, ವರ್ಷ, ತಿಂಗಳು, ದಿನ, ಸಮಯ ಇದೇ ಕ್ರಮದಲ್ಲಿ ಬರಲಿ. ಉದಾಹರಣೆಗೆ malelekka-2025-05-28-2130. ವರ್ಷ ಮೊದಲು ಬಂದರೆ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲದ ಕ್ರಮವೂ ತಾನಾಗಿ ಬರುತ್ತದೆ. ತಿಂಗಳು, ದಿನ ಎರಡಂಕಿಯಲ್ಲೇ ಇರಲಿ.

ಸಮಯದ ನಡುವೆ ಕೋಲನ್ ಚಿಹ್ನೆ ಹಾಕಬೇಡಿ. ವಿಂಡೋಸ್ ಅದನ್ನು ಫೈಲ್ ಹೆಸರಿನಲ್ಲಿ ಒಪ್ಪುವುದಿಲ್ಲ. ಲಿನಕ್ಸಿನ ಟಾರ್ ಕೋಲನ್ನಿನ ಹಿಂದಿರುವುದನ್ನು ಇನ್ನೊಂದು ಕಂಪ್ಯೂಟರಿನ ಹೆಸರೆಂದು ತಿಳಿದು ಸಂಪರ್ಕ ಸಿಗಲಿಲ್ಲ ಎನ್ನುತ್ತದೆ. ವಿಂಡೋಸಿನಲ್ಲಿ ಗಿಟ್ ಬ್ಯಾಷ್, ಅಂದರೆ ಗಿಟ್ ಜೊತೆ ಬರುವ ಟರ್ಮಿನಲ್, ಬಳಸುವವರಿಗೆ ಡಿ ಡ್ರೈವಿನ ವಿಳಾಸ ಕೊಟ್ಟಾಗ ಬರುವ ವಿಚಿತ್ರ ದೋಷಕ್ಕೂ ಇದೇ ಕಾರಣ. ಅಲ್ಲಿ ಡಿ ಕೋಲನ್ ಎನ್ನುವ ಬದಲು ಸ್ಲ್ಯಾಷ್ ಡಿ ಎಂದು ಬರೆದರೆ ಸರಿಹೋಗುತ್ತದೆ.

ಫೈಲಿಗೆ ಕನ್ನಡ ಅಕ್ಷರಗಳ ಹೆಸರು ಬೇಡ. ಕನ್ನಡದ ಮೇಲೆ ಪ್ರೀತಿ ಇದ್ದೇ ಹೇಳುತ್ತಿದ್ದೇನೆ. "ತೋಟ" ಎಂಬುದರಲ್ಲಿರುವ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿ ಒಡೆದೂ ಇಡಬಹುದು. ಮ್ಯಾಕಿನ ಹಳೆಯ ಫೈಲ್ ವ್ಯವಸ್ಥೆ ಒಡೆದು ಇಡುತ್ತಿತ್ತು, ಲಿನಕ್ಸ್ ಮತ್ತು ವಿಂಡೋಸ್ ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತವೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರು ಕಂಪ್ಯೂಟರಿಗೆ ಬೇರೆಬೇರೆಯಾಗಿ, ಮರಳಿಸಿದ ಮೇಲೆ "ಫೈಲ್ ಇಲ್ಲ" ಎಂಬ ದೋಷ ಬರುತ್ತದೆ. ಫೈಲಿನ ಒಳಗೆ ಕನ್ನಡ ಎಷ್ಟಾದರೂ ಇರಲಿ, ತೊಂದರೆಯಿಲ್ಲ. ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್‌ಗಳಲ್ಲಿರಲಿ.

ಹಂತ 3: ಡೇಟಾಬೇಸನ್ನು ಮೊದಲು ಹೊರತೆಗೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ಆ್ಯಪ್ ಓಡುತ್ತಿರುವಾಗ ಡೇಟಾಬೇಸ್ ಫೈಲನ್ನು ಸುಮ್ಮನೆ ನಕಲಿಸಿದರೆ ಅರ್ಧ ಹಳೆಯದು, ಅರ್ಧ ಹೊಸದಾದ ಫೈಲ್ ಸಿಗಬಹುದು. ಆಗ ಯಾವ ಎಚ್ಚರಿಕೆಯೂ ಬರುವುದಿಲ್ಲ. ತಿಂಗಳ ಮೇಲೆ ತೆರೆದಾಗಲೇ ಗೊತ್ತಾಗುವುದು.

ಎಸ್‌ಕ್ಯೂಲೈಟ್ ಬಳಸುತ್ತಿದ್ದರೆ, ಅಂದರೆ ಪೂರ್ತಿ ಡೇಟಾಬೇಸ್ ಒಂದೇ ಫೈಲಿನಲ್ಲಿದ್ದರೆ, ಡೇಟಾಬೇಸಿನ ಪಕ್ಕದಲ್ಲಿ ಅದೇ ಹೆಸರಿನ ಕೊನೆಗೆ ಹೈಫನ್ ವಾಲ್ (ಡಬ್ಲ್ಯು, ಎ, ಎಲ್) ಸೇರಿದ ಇನ್ನೊಂದು ಫೈಲ್ ಇದೆಯೇ ನೋಡಿ. ಅದು ಇನ್ನೂ ಮುಖ್ಯ ಫೈಲಿಗೆ ಸೇರದ ಹೊಸ ಬರಹಗಳ ಕಡತ. ಮುಖ್ಯ ಫೈಲನ್ನು ಮಾತ್ರ ನಕಲಿಸಿದವರು ಇತ್ತೀಚಿನ ದಿನಗಳ ದಾಖಲೆ ಕಳೆದುಕೊಳ್ಳುತ್ತಾರೆ. ಸರಿಯಾದ ದಾರಿ: ಎಸ್‌ಕ್ಯೂಲೈಟ್3 ಉಪಕರಣದಲ್ಲಿ ಡೇಟಾಬೇಸ್ ತೆರೆದು, ಚುಕ್ಕಿ ಬ್ಯಾಕಪ್ ಎಂಬ ಆಜ್ಞೆ ಕೊಟ್ಟು, ಮುಂದೆ ಹೊಸ ಫೈಲಿನ ಹೆಸರು ಬರೆಯಿರಿ. ಆ್ಯಪ್ ಓಡುತ್ತಿದ್ದರೂ ಇದು ಹೊಂದಿಕೆಯಾದ ನಕಲನ್ನೇ ಕೊಡುತ್ತದೆ. 2019ರ 3.27ನೇ ಆವೃತ್ತಿಯಿಂದ ವ್ಯಾಕ್ಯೂಮ್ ಇಂಟು ಎಂಬ ಆಜ್ಞೆಯೂ ಇದೆ. ಅದು ಖಾಲಿ ಜಾಗ ತೆಗೆದು ಚಿಕ್ಕದಾದ ನಕಲು ಮಾಡುತ್ತದೆ. ನಂತರ ಆ ನಕಲನ್ನು ತೆರೆದು ಪ್ರಾಗ್ಮಾ ಇಂಟೆಗ್ರಿಟಿ ಅಂಡರ್‌ಸ್ಕೋರ್ ಚೆಕ್ ಓಡಿಸಿ. ಓಕೆ ಎಂಬ ಒಂದೇ ಪದ ಬರಬೇಕು.

ಪೋಸ್ಟ್‌ಗ್ರೆಸ್‌ಗೆ ಡೇಟಾಬೇಸನ್ನು ಹೊರತೆಗೆಯಲು ಪಿಜಿ ಅಂಡರ್‌ಸ್ಕೋರ್ ಡಂಪ್ ಇದೆ. ಮೈಎಸ್‌ಕ್ಯೂಎಲ್‌ಗೆ ಮೈಎಸ್‌ಕ್ಯೂಎಲ್‌ಡಂಪ್ ಇದೆ, ಜೊತೆಗೆ ಎರಡು ಹೈಫನ್ ಹಾಕಿ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಕೊಡಿ, ಇನ್ನೊಡಿಬಿ ಬಗೆಯ ಕೋಷ್ಟಕಗಳ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಇವುಗಳ ಡೇಟಾ ಫೋಲ್ಡರನ್ನು ನೇರವಾಗಿ ನಕಲಿಸುವ ಯೋಚನೆ ಬೇಡ.

ಹೊರತೆಗೆದ ಫೈಲನ್ನು ಪ್ರಾಜೆಕ್ಟಿನೊಳಗೆ ಡಂಪ್ ಎಂಬ ಫೋಲ್ಡರಿನಲ್ಲಿಡಿ. ಮುಂದಿನ ಹಂತದಲ್ಲಿ ಅದೂ ಕಟ್ಟಿನೊಳಗೆ ಸೇರುತ್ತದೆ. ಆ ಫೋಲ್ಡರನ್ನು ಗಿಟ್‌ಇಗ್ನೋರ್‌ಗೆ ಸೇರಿಸುವುದನ್ನು ಮರೆಯಬೇಡಿ. ಹೋಂಸ್ಟೇ ಅತಿಥಿಗಳ ಫೋನ್ ನಂಬರುಗಳು ಗಿಟ್‌ಹಬ್ಬಿಗೆ, ಅಂದರೆ ಗಿಟ್ ರೆಪಾಸಿಟರಿಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಸೇವೆಗೆ, ಹೋಗಬಾರದು.

ಹಂತ 4: ಕಟ್ಟುವುದು

ಪ್ರಾಜೆಕ್ಟ್ ಫೋಲ್ಡರಿನ ಒಂದು ಮೆಟ್ಟಿಲು ಮೇಲಿನ ಫೋಲ್ಡರಿಗೆ ಹೋಗಿ. ಆಜ್ಞೆಯ ಕ್ರಮ ಹೀಗೆ: ಮೊದಲು ಟಾರ್, ನಂತರ ಹೈಫನ್ ಹಾಕಿ ಸಿ, ಝಡ್, ಎಫ್ ಅಕ್ಷರಗಳು ಒಟ್ಟಿಗೆ. ಸಿ ಎಂದರೆ ಹೊಸದಾಗಿ ಕಟ್ಟು, ಝಡ್ ಎಂದರೆ ಜಿಝಿಪ್‌ನಿಂದ ಕುಗ್ಗಿಸು, ಎಫ್ ಎಂದರೆ ಮುಂದೆ ಬರುವುದು ಫೈಲಿನ ಹೆಸರು. ಆಮೇಲೆ ಸ್ನ್ಯಾಪ್‌ಶಾಟಿನ ಹೆಸರು, ಕೊನೆಗೆ ಚುಕ್ಕಿ ಟಾರ್ ಚುಕ್ಕಿ ಜಿಝಡ್. ಆಮೇಲೆ ಬಿಡಬೇಕಾದ ಒಂದೊಂದು ಫೋಲ್ಡರಿಗೂ ಎರಡು ಹೈಫನ್, ಎಕ್ಸ್‌ಕ್ಲೂಡ್, ಸಮ ಚಿಹ್ನೆ, ಫೋಲ್ಡರಿನ ಹೆಸರು. ಎಲ್ಲಕ್ಕಿಂತ ಕೊನೆಯಲ್ಲಿ ಪ್ರಾಜೆಕ್ಟ್ ಫೋಲ್ಡರಿನ ಹೆಸರು.

ಈ ಕ್ರಮ ಬದಲಿಸಬೇಡಿ. ಲಿನಕ್ಸಿನ ಈಚಿನ ಟಾರ್‌ನಲ್ಲಿ ಎಕ್ಸ್‌ಕ್ಲೂಡ್ ತನ್ನ ಮುಂದೆ ಬರುವ ಫೋಲ್ಡರುಗಳಿಗೆ ಮಾತ್ರ ಅನ್ವಯಿಸುತ್ತದೆ. ಫೋಲ್ಡರಿನ ಹೆಸರಾದ ಮೇಲೆ ಬರೆದರೆ ನೋಡ್ ಮಾಡ್ಯೂಲ್ಸ್ ಪೂರ್ತಿ ಒಳಗೆ ಬರುತ್ತದೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಬಿಲ್ಡ್ ಎಂದಷ್ಟೇ ಬರೆದು ಬಿಡಲು ಹೇಳಿದರೆ, ಆ ಹೆಸರಿನ ಫೋಲ್ಡರ್ ಎಷ್ಟು ಆಳದಲ್ಲಿದ್ದರೂ ಟಾರ್ ಅದನ್ನು ಬಿಡುತ್ತದೆ. ನಿಮ್ಮ ಸ್ವಂತ ಕೋಡಿನ ಫೋಲ್ಡರಿಗೂ ಬಿಲ್ಡ್ ಎಂದು ಹೆಸರಿದ್ದರೆ ಅದೂ ಹೋಯಿತು. ಡೇಟಾ, ಲಿಬ್, ಔಟ್‌ಪುಟ್ ಎಂಬ ಸಾಮಾನ್ಯ ಹೆಸರುಗಳ ಕತೆಯೂ ಅಷ್ಟೆ. ಇಂಥ ಹೆಸರುಗಳಿಗೆ ಪ್ರಾಜೆಕ್ಟಿನ ಹೆಸರಿನಿಂದ ಆರಂಭಿಸಿ ಪೂರ್ತಿ ದಾರಿ ಬರೆಯಿರಿ.

ವಿಂಡೋಸಿನ ಆಜ್ಞೆ ಕಿಟಕಿಯಾದ ಪವರ್‌ಶೆಲ್ಲಿನಲ್ಲಿ ಕಂಪ್ರೆಸ್-ಆರ್ಕೈವ್ ಎಂಬ ಆಜ್ಞೆಯೂ ಇದೆ. ಈ ಕೆಲಸಕ್ಕೆ ಅದನ್ನು ಬಳಸಬೇಡಿ. ಅದು ಅಡಗಿಸಿದ ಫೈಲು, ಫೋಲ್ಡರುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ವಿಂಡೋಸಿನಲ್ಲಿ ಗಿಟ್ಟಿನ ಫೋಲ್ಡರ್ ಅಡಗಿಸಿದ ಫೋಲ್ಡರೇ, ಹಾಗಾಗಿ ಇಡೀ ಇತಿಹಾಸ ಹೊರಗುಳಿಯುತ್ತದೆ. ಟಾರ್‌ಗೆ ಆ ತೊಂದರೆಯಿಲ್ಲ. ಫೋಲ್ಡರ್ ನಕಲಿಸುವ ವಿಂಡೋಸ್ ಉಪಕರಣ ರೋಬೋಕಾಪಿಯನ್ನು ಎಂಐಆರ್ ಆಯ್ಕೆಯೊಂದಿಗೆ ಓಡಿಸುವವರೂ ಹುಷಾರಾಗಿರಿ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿ ಜಾಗದಲ್ಲಿ ಅಳಿಸುತ್ತದೆ. ಎರಡು ವಿಳಾಸ ಅದಲುಬದಲಾದರೆ ಕೆಲಸದ ಫೋಲ್ಡರೇ ಖಾಲಿ.

ಕಟ್ಟುವಾಗ ಕರೆಂಟು ಹೋದರೆ ಅರ್ಧಕ್ಕೆ ನಿಂತ ಫೈಲ್ ಉಳಿಯುತ್ತದೆ, ಹೆಸರು ನೋಡಿದರೆ ಪೂರ್ತಿಯಾದದ್ದರಂತೆಯೇ ಇರುತ್ತದೆ. ಇದಕ್ಕೆ ಸುಲಭ ಉಪಾಯವಿದೆ. ಮೊದಲು ಹೆಸರಿನ ಕೊನೆಗೆ ಪಾರ್ಟ್ ಎಂದು ಸೇರಿಸಿ ಕಟ್ಟಿ, ಟಾರ್ ದೋಷವಿಲ್ಲದೆ ಮುಗಿದ ಮೇಲಷ್ಟೇ ಆ ಪದ ತೆಗೆದು ಹೆಸರು ಬದಲಿಸಿ. ಪಾರ್ಟ್ ಎಂದು ಉಳಿದದ್ದು ಕಂಡರೆ ಅದನ್ನು ನಂಬಬೇಡಿ, ಅಳಿಸಿ. ಡೆಸ್ಕ್‌ಟಾಪ್ ಬಳಸುವವರು ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಿಡಿ. ಸಾಮಾನ್ಯ ಮೋಡಿನಲ್ಲಿ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗಬಹುದು.

ಹಂತ 5: ಬೀಗ ಮತ್ತು ಬೆರಳಚ್ಚು

ಮನೆಯಿಂದ ಹೊರಗೆ ಹೋಗುವ ಪ್ರತಿಗಳಿಗೆ ಪಾಸ್‌ವರ್ಡ್ ಹಾಕಿ. ಜಿಪಿಜಿ ಉಪಕರಣಕ್ಕೆ ಹೈಫನ್ ಸಿ ಆಯ್ಕೆ ಕೊಟ್ಟರೆ ಒಂದೇ ಪಾಸ್‌ವರ್ಡಿನಿಂದ ಫೈಲನ್ನು ಗುಪ್ತಲಿಪಿಗೆ ಬದಲಿಸುತ್ತದೆ. ವಿಂಡೋಸಿನವರಿಗೆ ಸೆವೆನ್-ಝಿಪ್ ಸಾಕು. ಅದರ ಸೆವೆನ್-ಝಡ್ ರೂಪದಲ್ಲಿ ಎಇಎಸ್-256 ಬೀಗವಿದೆ. ಈ ಪಾಸ್‌ವರ್ಡ್ ಮರೆತರೆ ಯಾರೂ ತೆರೆಯಲಾರರು, ಮರಳಿ ಪಡೆಯುವ ಬಟನ್ ಇಲ್ಲ. ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆಗಿಡಿ. ಪಾಸ್‌ವರ್ಡ್ ಮ್ಯಾನೇಜರ್ ಅದೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಅದರಿಂದ ಪ್ರಯೋಜನವಿಲ್ಲ.

ಬೆರಳಚ್ಚು ಅಂದರೆ ಚೆಕ್‌ಸಮ್. ಫೈಲಿನ ಪೂರ್ತಿ ವಿಷಯದಿಂದ ಲೆಕ್ಕ ಹಾಕಿ ತೆಗೆದ 64 ಅಕ್ಷರಗಳ ಸಂಖ್ಯೆ. ಒಂದು ಬಿಟ್ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ಲಿನಕ್ಸಿನಲ್ಲಿ ಶಾ256ಸಮ್, ಮ್ಯಾಕಿನಲ್ಲಿ ಶಾಸಮ್‌ಗೆ ಹೈಫನ್ ಎ 256, ವಿಂಡೋಸಿನ ಪವರ್‌ಶೆಲ್ಲಿನಲ್ಲಿ ಗೆಟ್-ಫೈಲ್‌ಹ್ಯಾಶ್. ಬಂದ ಸಂಖ್ಯೆಯನ್ನು ಅದೇ ಹೆಸರಿನ ಪಠ್ಯ ಫೈಲಿನಲ್ಲಿ ಬರೆದು ಜೊತೆಗಿಡಿ. ಜಿಝಿಪ್ ಕಟ್ಟಿನ ನಡುವೆ ಒಂದೆಡೆ ಕೆಟ್ಟರೆ ಅದರ ನಂತರದ್ದೆಲ್ಲ ಸಿಗದೆ ಹೋಗಬಹುದು. ಆದ್ದರಿಂದ ಪ್ರತಿ ನಕಲಿನ ನಂತರ ಸಂಖ್ಯೆ ಹೋಲಿಸಿ.

ಹಂತ 6: ಬೇರೆ ಜಾಗದಲ್ಲಿ ಬಿಚ್ಚಿ ಓಡಿಸಿ ನೋಡಿ

ಈ ಹಂತ ಬಿಟ್ಟರೆ ಹಿಂದಿನ ಐದೂ ಹಂತಗಳ ಮೇಲೆ ಭರವಸೆ ಇಡಲಾಗದು. ಮೊದಲ ಸ್ನ್ಯಾಪ್‌ಶಾಟಿಗೂ, ಆಮೇಲೆ ತಿಂಗಳಿಗೊಮ್ಮೆಯೂ ಮಾಡಿ.

ಟಾರ್‌ಗೆ ಹೈಫನ್ ಹಾಕಿ ಟಿ, ಝಡ್, ಎಫ್ ಕೊಟ್ಟರೆ ಒಳಗಿರುವ ಫೈಲುಗಳ ಪಟ್ಟಿ ಬರುತ್ತದೆ. ಅದರಲ್ಲಿ ನಾಲ್ಕನ್ನು ಹುಡುಕಿ: ಗಿಟ್ ಫೋಲ್ಡರ್, ಡಂಪ್ ಫೋಲ್ಡರಿನ ಡೇಟಾಬೇಸ್, ಎನ್ವ್ ಫೈಲ್, ಲಾಕ್ ಫೈಲ್. ನಾಲ್ಕೂ ಕಂಡರೆ ಮುಂದುವರಿಯಿರಿ. ಹೊಸ ಖಾಲಿ ಫೋಲ್ಡರ್ ಮಾಡಿ, ಹೈಫನ್ ಹಾಕಿ ಎಕ್ಸ್, ಝಡ್, ಎಫ್, ಹೆಸರಿನ ನಂತರ ಹೈಫನ್ ಹಾಕಿ ದೊಡ್ಡಕ್ಷರದ ಸಿ, ಆ ಖಾಲಿ ಫೋಲ್ಡರಿನ ಹೆಸರು. ದೊಡ್ಡಕ್ಷರದ ಸಿ ಎಂದರೆ ಅಲ್ಲಿಗೆ ಹೋಗಿ ಬಿಚ್ಚು ಎಂದರ್ಥ. ಇದನ್ನು ಮರೆತು ಕೆಲಸದ ಫೋಲ್ಡರಿನ ಮೇಲಿನ ಫೋಲ್ಡರಿನಲ್ಲಿ ನಿಂತು ಬಿಚ್ಚಿದರೆ ಹಳೆಯ ಫೈಲುಗಳು ಇವತ್ತಿನ ಕೆಲಸದ ಮೇಲೆ ಕೂರುತ್ತವೆ. ಟಾರ್ ಮುಂಚೆ ಕೇಳುವುದಿಲ್ಲ.

ಬಿಚ್ಚಿದ ಮೇಲೆ ಒಳಗೆ ಹೋಗಿ ಗಿಟ್ ಎಫ್‌ಎಸ್‌ಸಿಕೆ ಓಡಿಸಿ, ರೆಪಾಸಿಟರಿ ಕೆಟ್ಟಿದ್ದರೆ ಅದು ಹೇಳುತ್ತದೆ. ಲೈಬ್ರರಿಗಳನ್ನು ಇಳಿಸಿ. ನೋಡ್ ಆದರೆ ಎನ್‌ಪಿಎಂ ಸಿಐ ಬಳಸಿ, ಅದು ಲಾಕ್ ಫೈಲಿನಲ್ಲಿರುವ ಆವೃತ್ತಿಗಳನ್ನೇ ತರುತ್ತದೆ. ಡಂಪಿನ ಡೇಟಾಬೇಸನ್ನು ಅದರ ಜಾಗಕ್ಕೆ ಹಾಕಿ ಆ್ಯಪ್ ಆರಂಭಿಸಿ. ಕೊನೆಯ ದಾಖಲೆ ಕಾಣುತ್ತದೆಯೇ? ನಿನ್ನೆ ಬರೆದ ಮಳೆ 2 ಇಂಚು 35 ಸೆಂಟು ಎಂದಿದ್ದರೆ ಅದೇ ಅಂಕಿ ಪರದೆಯ ಮೇಲೆ ಬರಬೇಕು. ಬಂದರೆ ಬ್ಯಾಕಪ್ ಇದೆ ಎನ್ನಬಹುದು.

ಇಲ್ಲಿ ಒಂದು ಮರೆವು ಸಾಮಾನ್ಯ: ಎನ್ವ್ ಫೈಲಿನಲ್ಲಿ ಡೇಟಾಬೇಸಿನ ಪೂರ್ಣ ವಿಳಾಸ ಬರೆದಿದ್ದರೆ, ಪರೀಕ್ಷೆಯ ಪ್ರತಿಯೂ ನಿಮ್ಮ ಅಸಲಿ ಡೇಟಾಬೇಸನ್ನೇ ತೆರೆದಿರುತ್ತದೆ. ಎಲ್ಲ ಸರಿಯಿದೆ ಎಂದು ಕಾಣುವುದು ಅದರಿಂದಲೇ. ಪರೀಕ್ಷೆಗೆ ಮುಂಚೆ ಆ ಸಾಲು ನೋಡಿ. ಬುಕಿಂಗ್ ಆ್ಯಪಾದರೆ ಮಿಂಚಂಚೆ, ಎಸ್‌ಎಂಎಸ್ ಕಳಿಸುವ ಕೀಗಳನ್ನೂ ತೆಗೆದಿಡಿ. ಪರೀಕ್ಷೆಯ ಪ್ರತಿ ಅತಿಥಿಗಳಿಗೆ ಸಂದೇಶ ಕಳಿಸಬಾರದು.

ಹಂತ 7: ಮೂರು ಜಾಗ

ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಇದು ಹಳೆಯ ನಿಯಮ, ಕೊಡಗಿಗೆ ಚೆನ್ನಾಗಿ ಒಪ್ಪುತ್ತದೆ.

ಮನೆಯ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಇಜೆಕ್ಟ್ ಮಾಡಿ ಕೇಬಲ್ ತೆಗೆಯಿರಿ. ಸದಾ ಚುಚ್ಚಿಟ್ಟ ಡಿಸ್ಕ್ ಸಿಡಿಲಿಗೂ ರಾನ್ಸಮ್‌ವೇರಿಗೂ, ಅಂದರೆ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸಿಗೂ, ಲ್ಯಾಪ್‌ಟಾಪಿನಷ್ಟೇ ಸುಲಭವಾಗಿ ಸಿಗುತ್ತದೆ. ಗುಡುಗು ಮಳೆ ಹತ್ತಿರ ಬರುವ ಮುಂಚೆಯೇ ಚಾರ್ಜರ್ ಜೊತೆಗೆ ರೂಟರಿನ ತಂತಿಯನ್ನೂ ಕಳಚಿ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಆದರೆ ರೂಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ.

ಡಿಸ್ಕ್ ಇಡಲು ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಿಸುವ ಹರಳು ಸಿಕ್ಕಿದರೆ ಒಳ್ಳೆಯದು, ತೇವ ತುಂಬಿದ್ದು ಕಣ್ಣಿಗೆ ಗೊತ್ತಾಗುತ್ತದೆ. ಒಣಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಬಿಸಿ ಮತ್ತು ಹೊಗೆ ಎರಡೂ ಡಿಸ್ಕಿಗೆ ಕೆಟ್ಟದ್ದು. ತಣ್ಣಗಿನ ಕೋಣೆಯಿಂದ ತಂದ ಡಿಸ್ಕನ್ನು ಅರ್ಧ ಗಂಟೆ ಹಾಗೇ ಇಟ್ಟು ಆಮೇಲೆ ಚುಚ್ಚಿ. ಪೆನ್ ಡ್ರೈವನ್ನು ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದರೊಳಗಿನ ವಿದ್ಯುದಂಶ ಸೋರಿ ಡೇಟಾ ಮಾಸಬಹುದು. ಹಬ್ಬದ ನೆಪದಲ್ಲಾದರೂ ಸರಿ, ಕೈಲ್‌ಪೊಳ್ದಿಗೊಮ್ಮೆ, ಪುತ್ತರಿಗೊಮ್ಮೆ ಚುಚ್ಚಿ ಚೆಕ್‌ಸಮ್ ನೋಡಿ.

ಬೇರೆ ಊರಿನ ಪ್ರತಿಯನ್ನು ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿಡಿ. ಬೀಗ ಹಾಕಿದ ಪೆನ್ ಡ್ರೈವ್ ಆದ್ದರಿಂದ ಸಂಕೋಚ ಬೇಡ. ಕುಶಾಲನಗರ ಹತ್ತಿರವೇ ಇದೆಯಲ್ಲ ಎನ್ನುವವರು ನೆನಪಿಡಿ, ಕಾವೇರಿ ದಂಡೆಯ ಬಡಾವಣೆಗಳಿಗೆ 2018ರಲ್ಲೂ 2019ರಲ್ಲೂ ನೀರು ನುಗ್ಗಿತ್ತು. ಬೆಟ್ಟದ ಇಳಿಜಾರಿನ ಮನೆ, ಹೊಳೆ ದಂಡೆಯ ಮನೆ ಎರಡಕ್ಕೂ ಒಂದೇ ವಾರ ಆಪತ್ತು ಬರಬಹುದು.

ಇಂಟರ್ನೆಟ್ಟಿಗೂ ಒಂದು ಪ್ರತಿ ಹೋಗಲಿ. ಗೂಗಲ್ ಖಾತೆಯ 15 ಜಿಬಿ ಉಚಿತ ಜಾಗ ಇದಕ್ಕೆ ಸಾಕು. ಸೆಕೆಂಡಿಗೆ 1 ಮೆಗಾಬಿಟ್ ಅಪ್‌ಲೋಡ್ ಸಿಕ್ಕಿದರೂ 20 ಎಂಬಿಗೆ ಸುಮಾರು ಮೂರು ನಿಮಿಷ. 500 ಎಂಬಿಗೆ ಒಂದು ಗಂಟೆಯ ಮೇಲೆ ಬೇಕು, ಅಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಹಂತ 1ರಲ್ಲಿ ಬೇಡದ್ದನ್ನು ಬಿಡುವುದರ ಬೆಲೆ ಇಲ್ಲಿ ತಿಳಿಯುತ್ತದೆ. ಕೋಡನ್ನು ಗಿಟ್‌ಹಬ್ಬಿನ ಖಾಸಗಿ ರೆಪಾಸಿಟರಿಗೆ ಪುಷ್ ಮಾಡುವುದೂ ಒಳ್ಳೆಯ ಅಭ್ಯಾಸ, ಆದರೆ ಸ್ನ್ಯಾಪ್‌ಶಾಟ್ ಕಟ್ಟುಗಳನ್ನು ಅಲ್ಲಿಗೆ ಹಾಕಬೇಡಿ. 100 ಎಂಬಿಗಿಂತ ದೊಡ್ಡ ಫೈಲನ್ನು ಅದು ಒಪ್ಪುವುದಿಲ್ಲ.

ಹಂತ 8: ತಾನಾಗಿ ಓಡುವಂತೆ ಮಾಡುವುದು

ಕೆಲವು ವಾರ ಕೈಯಿಂದಲೇ ಮಾಡಿ, ಹಂತಗಳು ಕೈಗೆ ಹತ್ತಿದ ಮೇಲೆ ಸ್ಕ್ರಿಪ್ಟ್ ಬರೆಯಿರಿ. ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಕಂಡೀಷನ್ಸ್ ಪುಟ ತೆರೆದು ನೋಡಿ. ಎಸಿ ಪವರ್ ಇದ್ದರೆ ಮಾತ್ರ ಆರಂಭಿಸು ಎಂಬ ಗುರುತು ಮೊದಲೇ ಹಾಕಿರುತ್ತದೆ. ಕರೆಂಟಿಲ್ಲದೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುವ ದಿನಗಳಲ್ಲೇ ಬ್ಯಾಕಪ್ ಆಗದೆ ಹೋಗುವುದು ಇದರಿಂದ. ಆ ಗುರುತು ತೆಗೆಯಿರಿ. ಸೆಟ್ಟಿಂಗ್ಸ್ ಪುಟದಲ್ಲಿ, ಹೊತ್ತು ತಪ್ಪಿದ್ದರೆ ಆದಷ್ಟು ಬೇಗ ಓಡಿಸು ಎಂಬುದಕ್ಕೆ ಗುರುತು ಹಾಕಿ.

ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸಿನ ಕ್ರಾನ್, ಕಂಪ್ಯೂಟರ್ ಆಫ್ ಇದ್ದಾಗ ತಪ್ಪಿದ ಕೆಲಸವನ್ನು ಆಮೇಲೆ ಮಾಡುವುದಿಲ್ಲ. ಅನಾಕ್ರಾನ್, ಇಲ್ಲವೇ ಸಿಸ್ಟಂಡಿ ಟೈಮರಿನಲ್ಲಿ ಪರ್ಸಿಸ್ಟೆಂಟ್ (ಮೊದಲಕ್ಷರ ದೊಡ್ಡದು) ಆಯ್ಕೆ ಬಳಸಿ. ಕ್ರಾನ್ ಸಾಲಿನಲ್ಲೇ ದಿನಾಂಕದ ಆಜ್ಞೆ ಬರೆದವರಿಗೆ ಶೇಕಡಾ ಚಿಹ್ನೆ ತೊಂದರೆ ಕೊಡುತ್ತದೆ, ಕ್ರಾನ್ ಅದನ್ನು ಹೊಸ ಸಾಲೆಂದು ತಿಳಿಯುತ್ತದೆ. ಎಲ್ಲವನ್ನೂ ಸ್ಕ್ರಿಪ್ಟ್ ಫೈಲಿಗೆ ಹಾಕಿ, ಕ್ರಾನ್‌ನಲ್ಲಿ ಆ ಫೈಲಿನ ವಿಳಾಸ ಮಾತ್ರ ಕೊಡಿ.

ಹೊಸ ಸ್ನ್ಯಾಪ್‌ಶಾಟ್ ಹಿಂದಿನದರ ಅರ್ಧಕ್ಕಿಂತ ಚಿಕ್ಕದಾಗಿದ್ದರೆ ಸ್ಕ್ರಿಪ್ಟ್ ನಿಲ್ಲಲಿ, ಪರದೆಯ ಮೇಲೆ ಹೇಳಲಿ. ಈ ಒಂದು ಪರೀಕ್ಷೆಯೇ ಎಷ್ಟೋ ಅನಾಹುತಗಳನ್ನು ಅಂದೇ ಹಿಡಿಯುತ್ತದೆ.

ಹಂತ 9: ಹಳೆಯದನ್ನು ಅಳಿಸುವುದು

ಜಾಗ ತುಂಬುವವರೆಗೆ ಅಳಿಸಲೇಬೇಡಿ. ಅಳಿಸಲೇಬೇಕಾದರೆ ಕೊನೆಯ ದಿನಗಳಿಂದ ದಿನಕ್ಕೊಂದರಂತೆ 7, ವಾರಕ್ಕೊಂದರಂತೆ 4, ತಿಂಗಳಿಗೊಂದರಂತೆ 12 ಪ್ರತಿ ಉಳಿಯಲಿ. ಮೇ ಕೊನೆಯ ಪೂರ್ತಿ ಪ್ರತಿ ಈ ಲೆಕ್ಕದ ಹೊರಗಿರಲಿ. ಮೂವತ್ತು ದಿನಕ್ಕಿಂತ ಹಳೆಯದನ್ನು ಅಳಿಸು ಎಂಬ ಸ್ಕ್ರಿಪ್ಟ್ ಬರೆಯಬೇಡಿ. ಬ್ಯಾಕಪ್ ಯಾವುದೋ ಕಾರಣಕ್ಕೆ ಒಂದು ತಿಂಗಳು ನಿಂತಿದ್ದರೆ ಅದು ಉಳಿದಿದ್ದ ಒಳ್ಳೆಯ ಪ್ರತಿಗಳನ್ನೆಲ್ಲ ಅಳಿಸುತ್ತದೆ. ವಯಸ್ಸು ನೋಡಬೇಡಿ, ಎಣಿಕೆ ನೋಡಿ.

ಪ್ರಾಜೆಕ್ಟ್ ದೊಡ್ಡದಾದರೆ

ಚಿತ್ರಗಳು ಸೇರಿ ಸ್ನ್ಯಾಪ್‌ಶಾಟ್ ಹಲವು ಜಿಬಿ ಆದರೆ ದಿನವೂ ಪೂರ್ತಿ ಕಟ್ಟುವುದು ಭಾರ. ಆಗ ಬದಲಾದ ಫೈಲುಗಳನ್ನಷ್ಟೇ ನಕಲಿಸುವ ಉಪಕರಣ ಆರ್‌ಸಿಂಕ್‌ನ ಲಿಂಕ್-ಡೆಸ್ಟ್ ಆಯ್ಕೆ ನೋಡಿ. ಬದಲಾಗದ ಫೈಲುಗಳಿಗೆ ಹಿಂದಿನ ಸ್ನ್ಯಾಪ್‌ಶಾಟಿನ ಫೈಲಿಗೇ ಹಾರ್ಡ್ ಲಿಂಕ್, ಅಂದರೆ ಅದೇ ಡೇಟಾಗೆ ಇನ್ನೊಂದು ಹೆಸರು, ಕೊಡುತ್ತದೆ. ಪ್ರತಿ ಫೋಲ್ಡರೂ ಪೂರ್ತಿಯಾಗಿ ಕಾಣುತ್ತದೆ, ಜಾಗ ಮಾತ್ರ ಬದಲಾದದ್ದಕ್ಕಷ್ಟೇ. ಡಿಸ್ಕ್ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಆಗಿದ್ದರೆ ಹಾರ್ಡ್ ಲಿಂಕ್ ಆಗುವುದಿಲ್ಲ. ಲಿನಕ್ಸಿನವರು ಡಿಸ್ಕನ್ನು ಎಕ್ಸ್‌ಟ್4ಗೆ ಫಾರ್ಮ್ಯಾಟ್ ಮಾಡಬೇಕು. ಲಿಂಕ್-ಡೆಸ್ಟಿಗೆ ಪೂರ್ಣ ವಿಳಾಸ ಕೊಡಿ, ಅರ್ಧ ವಿಳಾಸವನ್ನು ಅದು ಗುರಿ ಫೋಲ್ಡರಿನಿಂದ ಲೆಕ್ಕ ಹಾಕುತ್ತದೆ. ಹಳೆಯ ಸ್ನ್ಯಾಪ್‌ಶಾಟಿನೊಳಗೆ ಯಾವ ಫೈಲನ್ನೂ ತಿದ್ದಬೇಡಿ, ಒಂದರಲ್ಲಿ ತಿದ್ದಿದರೆ ಅದಕ್ಕೆ ಜೋಡಿಸಿದ ಎಲ್ಲ ಪ್ರತಿಗಳಲ್ಲೂ ಬದಲಾಗಬಹುದು. ಇಷ್ಟೂ ಕಿರಿಕಿರಿ ಎನಿಸಿದರೆ ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ಉಪಕರಣ ಕಲಿಯಿರಿ. ಎರಡೂ ಉಚಿತ, ಒಂದೇ ವಿಷಯವನ್ನು ಎರಡು ಸಲ ಇಡುವುದಿಲ್ಲ, ಬೀಗವನ್ನೂ ತಾವೇ ಹಾಕುತ್ತವೆ.

ಮರಳಿಸುವ ದಿನ

ಫೈಲ್ ಕಳೆದದ್ದು ಗೊತ್ತಾದ ಕೂಡಲೇ ಆ ಡಿಸ್ಕಿಗೆ ಬರೆಯುವುದನ್ನು ನಿಲ್ಲಿಸಿ. ಅಳಿಸಿದ ಫೈಲಿನ ಜಾಗದಲ್ಲಿ ಹೊಸದು ಕೂತರೆ ಮರಳಿ ಪಡೆಯುವ ದಾರಿ ಮುಚ್ಚುತ್ತದೆ. ತಾನಾಗಿ ಓಡುವ ಬ್ಯಾಕಪ್ಪನ್ನೂ ತಡೆಯಿರಿ, ಕೆಟ್ಟ ಸ್ಥಿತಿಯ ಸ್ನ್ಯಾಪ್‌ಶಾಟ್ ಒಳ್ಳೆಯವುಗಳ ಸಾಲಿಗೆ ಸೇರಬಾರದು. ಬ್ಯಾಕಪ್ ಡಿಸ್ಕಿನಿಂದ ಕಟ್ಟನ್ನು ಮೊದಲು ಕಂಪ್ಯೂಟರಿಗೆ ನಕಲಿಸಿ, ಚೆಕ್‌ಸಮ್ ಹೋಲಿಸಿ, ಡಿಸ್ಕ್ ಕಳಚಿ, ಆಮೇಲೆ ನಕಲನ್ನು ಹೊಸ ಫೋಲ್ಡರಿನಲ್ಲಿ ಬಿಚ್ಚಿ. ಹಳೆಯ ಫೋಲ್ಡರನ್ನು ಅಳಿಸದೆ ಹೆಸರು ಬದಲಿಸಿ ಪಕ್ಕಕ್ಕಿಡಿ. ಸ್ನ್ಯಾಪ್‌ಶಾಟಿನ ನಂತರ ಮಾಡಿದ ಕೆಲಸ ಅದರಲ್ಲಿ ಉಳಿದಿರಬಹುದು. ಎರಡನ್ನೂ ಹೋಲಿಸಿ ಬೇಕಾದದ್ದನ್ನು ಕೈಯಿಂದ ತನ್ನಿ. ಲ್ಯಾಪ್‌ಟಾಪ್ ಕಳುವಾಗಿ ಮರಳಿಸುತ್ತಿದ್ದರೆ ಎನ್ವ್ ಫೈಲಿನ ಎಲ್ಲ ಪಾಸ್‌ವರ್ಡ್, ಕೀಗಳನ್ನು ಅಂದೇ ಬದಲಿಸಿ. ಆ್ಯಪ್ ಸರಿಯಾಗಿ ಓಡಿದ ಮೇಲೆ ಹೊಸ ಫೋಲ್ಡರಿನಿಂದ ಒಂದು ಸ್ನ್ಯಾಪ್‌ಶಾಟ್ ತೆಗೆದು, ಹೆಸರಿನ ಕೊನೆಗೆ ಮರಳಿಸಿದ್ದು ಎಂದು ಗುರುತು ಹಾಕಿ, ಆಮೇಲಷ್ಟೇ ನಿಲ್ಲಿಸಿದ್ದ ಬ್ಯಾಕಪ್ಪನ್ನು ಮತ್ತೆ ಆರಂಭಿಸಿ.